ಒಬ್ಬ ಸೈನಿಕ, ಇಬ್ಬರು ಯಜಮಾನರು: ಅಮೆರಿಕದ ನ್ಯಾಷನಲ್ ಗಾರ್ಡ್ ಯಾರ ಪಡೆ?

ಪ್ರಶ್ನೆ: ನನ್ನ ಅಕ್ಕನ ಮಗ ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದಾನೆ. ವಯಸ್ಸು 24, ಗ್ರೀನ್ ಕಾರ್ಡ್ ಬಂದಿದೆ. ನ್ಯಾಷನಲ್ ಗಾರ್ಡ್ ಸೇರುತ್ತೇನೆ, ತಿಂಗಳಿಗೆ ಎರಡು ದಿನದ ಕೆಲಸ ಅಷ್ಟೇ ಅನ್ನುತ್ತಾನೆ. ಅದು ರಾಜ್ಯದ ಮಿಲಿಷಿಯಾ, ನಮ್ಮ ಹೋಂ ಗಾರ್ಡ್ ಇದ್ದ ಹಾಗೆ ಎಂದು ಪರಿಚಯದವರೊಬ್ಬರು ಹೇಳಿದರು. ಆದರೆ 2025ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಬೇಡವೆಂದರೂ ಅಧ್ಯಕ್ಷರು ಅದೇ ಗಾರ್ಡನ್ನು ಲಾಸ್ ಏಂಜಲೀಸಿನ ಬೀದಿಗಿಳಿಸಿದರು. ಇರಾಕ್ ಯುದ್ಧಕ್ಕೂ ಕಳಿಸಿದ್ದರಂತೆ. ರಾಜ್ಯದ ಪಡೆ ಅಂದಮೇಲೆ ಇದೆಲ್ಲ ಹೇಗೆ ಸಾಧ್ಯ? ಹುಡುಗ ಸೇರಬಹುದೇ? – ದಾವಣಗೆರೆಯ ಓದುಗರು

ಉತ್ತರ: ಸೇರಬಹುದು, ಗ್ರೀನ್ ಕಾರ್ಡ್ ಇದ್ದವರಿಗೆ ಅವಕಾಶವಿದೆ. ಆದರೆ ಹೋಂ ಗಾರ್ಡ್ ಎಂದುಕೊಂಡು ಸೇರಬಾರದು. ನ್ಯಾಷನಲ್ ಗಾರ್ಡ್‌ಗೆ ಸಹಿ ಹಾಕುವವನು ಅದೇ ಗಳಿಗೆಯಲ್ಲಿ ಎರಡು ಪಡೆಗಳಿಗೆ ಸೇರುತ್ತಾನೆ. ಒಂದು ಟೆಕ್ಸಾಸ್ ರಾಜ್ಯದ ಪಡೆ, ಇನ್ನೊಂದು ಅಮೆರಿಕದ ಸೇನೆಯ ಮೀಸಲು ಪಡೆ. ಅವನು ತೆಗೆದುಕೊಳ್ಳುವ ಪ್ರತಿಜ್ಞೆಯಲ್ಲೇ ಅಧ್ಯಕ್ಷರ ಆದೇಶವನ್ನೂ ಟೆಕ್ಸಾಸಿನ ಗವರ್ನರ್ ಆದೇಶವನ್ನೂ ಪಾಲಿಸುತ್ತೇನೆ ಎಂಬ ಮಾತಿದೆ. ಸಮವಸ್ತ್ರ, ಬಂದೂಕು, ವಾಹನ, ಮೇಲಧಿಕಾರಿ ಎಲ್ಲವೂ ಅವೇ. ಬದಲಾಗುವುದು ಆದೇಶಪತ್ರದಲ್ಲಿ ಯಾವ ಕಾನೂನಿನ ಹೆಸರಿದೆ ಎಂಬುದು ಮಾತ್ರ. ಆ ಒಂದು ಸಾಲಿನಿಂದ ಆತ ಇವತ್ತು ಯಾರ ಸೈನಿಕ, ಸಂಬಳ ಯಾರದು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಜನರನ್ನು ಬಂಧಿಸಬಹುದೇ ಎನ್ನುವುದೆಲ್ಲ ತೀರ್ಮಾನವಾಗುತ್ತದೆ. ಗಾರ್ಡ್ ಬಗ್ಗೆ ಯಾವ ಸುದ್ದಿ ಓದಿದರೂ ಮೊದಲು ಯಾರ ಆದೇಶ, ಯಾರ ಸಂಬಳ ಎಂದು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಪದ ತಿಳಿಯಾಗಲಿ. ಗವರ್ನರ್ ಎಂದಾಗ ನಮಗೆ ರಾಜಭವನದ ರಾಜ್ಯಪಾಲರು ನೆನಪಾಗುತ್ತಾರೆ. ಅಮೆರಿಕದ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುವವರು, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ತಮ್ಮ ರಾಜ್ಯದ ಗಾರ್ಡ್‌ಗೆ ಅವರೇ ಮಹಾದಂಡನಾಯಕರು. ಅವರ ಕೈಕೆಳಗೆ ಅಡ್ಜುಟೆಂಟ್ ಜನರಲ್ ಎಂಬ ಸೇನಾಧಿಕಾರಿ ಪಡೆಯನ್ನು ನಡೆಸುತ್ತಾರೆ. ಟೆಕ್ಸಾಸಿನ ಕೇಂದ್ರ ಕಚೇರಿ ನಿಮ್ಮ ಹುಡುಗನಿರುವ ಆಸ್ಟಿನ್‌ನಲ್ಲೇ, ಕ್ಯಾಂಪ್ ಮೇಬ್ರಿಯಲ್ಲಿದೆ. 50 ರಾಜ್ಯಗಳು, ಪೋರ್ಟೊ ರಿಕೊ, ಗ್ವಾಮ್, ವರ್ಜಿನ್ ದ್ವೀಪಗಳು ಮತ್ತು ರಾಜಧಾನಿ ವಾಷಿಂಗ್ಟನ್ ಸೇರಿ ಒಟ್ಟು 54 ಗಾರ್ಡ್‌ಗಳಿವೆ. ವಾಷಿಂಗ್ಟನ್‌ಗೆ ಗವರ್ನರ್ ಇಲ್ಲ, ಅಲ್ಲಿನ ಗಾರ್ಡ್ ಯಾವಾಗಲೂ ಅಧ್ಯಕ್ಷರ ಕೈಯಲ್ಲೇ. ಭೂಸೇನೆ, ವಾಯುಸೇನೆ ಎರಡೂ ಬಗೆಯ ಗಾರ್ಡ್ ಸೇರಿ ಒಟ್ಟು ಬಲ ಸುಮಾರು 4.3 ಲಕ್ಷ.

ಈಗ ಆದೇಶಪತ್ರದ ಆ ಸಾಲು. ಅದು ಮೂರು ಬಗೆ.

ಮೊದಲನೆಯದು ಸ್ಟೇಟ್ ಆಕ್ಟಿವ್ ಡ್ಯೂಟಿ. ಚಂಡಮಾರುತ, ಪ್ರವಾಹ, ಕಾಳ್ಗಿಚ್ಚು ಬಂದಾಗ ಗವರ್ನರ್ ರಾಜ್ಯದ ಕಾನೂನಿನಡಿ ಕರೆಯುತ್ತಾರೆ, ಸಂಬಳ ರಾಜ್ಯದ ಖಜಾನೆಯಿಂದ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ನನ್ನು ಮುಳುಗಿಸಿದಾಗ ಟೆಕ್ಸಾಸಿನ ಗವರ್ನರ್ ಇಡೀ ಗಾರ್ಡನ್ನು, ಸುಮಾರು 12,000 ಜನರನ್ನು, ಕರೆದಿದ್ದರು. ಇಲ್ಲಿ ಗಾಯವಾದರೆ ರಾಜ್ಯದ ಕಾರ್ಮಿಕ ಪರಿಹಾರದ ನಿಯಮ ಅನ್ವಯಿಸುತ್ತದೆ. ಈ ದಿನಗಳು ಕೇಂದ್ರದ ಪಿಂಚಣಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಟೈಟಲ್ 32, ಎಂದರೆ ಕೇಂದ್ರದ ಕಾನೂನು ಸಂಹಿತೆಯ 32ನೇ ಭಾಗ. ಆದೇಶ ಗವರ್ನರದು, ಹಣ ಕೇಂದ್ರದ್ದು. ತಿಂಗಳ ಕವಾಯತು, ವಾರ್ಷಿಕ ಶಿಬಿರ ಇದರಡಿಯೇ ನಡೆಯುತ್ತವೆ. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ನಿಲ್ದಾಣಗಳಲ್ಲಿ ನಿಂತ ಗಾರ್ಡ್, 2020ರ ಕೋವಿಡ್ ಕಾಲದ ಗಾರ್ಡ್ ಇದೇ ಬಗೆ.

ಮೂರನೆಯದು ಟೈಟಲ್ 10. ಆದೇಶವೂ ಹಣವೂ ಕೇಂದ್ರದ್ದು. ಆ ಹೊತ್ತಿಗೆ ಆತ ಪೂರ್ತಿಯಾಗಿ ಅಮೆರಿಕದ ಸೈನಿಕ, ಗವರ್ನರ್ ಮಾತು ನಡೆಯುವುದಿಲ್ಲ. ಇರಾಕ್, ಅಫ್ಘಾನಿಸ್ತಾನ, ಕೊಸೊವೊ ಎಲ್ಲಕ್ಕೂ ಹೋದದ್ದು ಹೀಗೆ. ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದರೆ ಒಬ್ಬನನ್ನು ಅವನ ಒಪ್ಪಿಗೆಯಿಲ್ಲದೆ ಸತತ 24 ತಿಂಗಳವರೆಗೆ ಕರೆಸಿಕೊಳ್ಳಬಹುದು.

ಮೊದಲೆರಡಕ್ಕೂ ಮೂರನೆಯದಕ್ಕೂ ಇನ್ನೊಂದು ದೊಡ್ಡ ಅಂತರವಿದೆ. 1878ರ ಪಾಸ್ಸೆ ಕೊಮಿಟೇಟಸ್ ಕಾಯ್ದೆಯ ಪ್ರಕಾರ ಸಂಸತ್ತು ಬಿಡಿಸಿ ಅನುಮತಿ ಕೊಡದ ಹೊರತು ಸೇನೆ ದೇಶದೊಳಗೆ ಪೊಲೀಸ್ ಕೆಲಸ ಮಾಡುವಂತಿಲ್ಲ. ಗವರ್ನರ್ ಕೈಯಲ್ಲಿರುವ ಗಾರ್ಡ್‌ಗೆ ಈ ತಡೆಯಿಲ್ಲ, ಟೈಟಲ್ 10ಕ್ಕೆ ದಾಟಿದ ಕ್ಷಣ ತಡೆ ಬೀಳುತ್ತದೆ. ಕೇಂದ್ರದ ಕೈಗೆ ಹೋದರೆ ಪಡೆಯ ಬಲ ಹೆಚ್ಚುತ್ತದೆ ಎಂದು ಹೊರಗಿನವರಿಗೆ ಅನಿಸುವುದು ಸಹಜ. ಬೀದಿಯ ಗಲಭೆ ತಡೆಯುವ ಮಟ್ಟಿಗೆ ಆಗುವುದು ತದ್ವಿರುದ್ಧ. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಗವರ್ನರ್ ತಾವಾಗಿಯೇ ಕೇಳಿ ಗಾರ್ಡನ್ನು ಕೇಂದ್ರಕ್ಕೆ ಒಪ್ಪಿಸಿದರು. ಅಲ್ಲಿಯವರೆಗೆ ಪೊಲೀಸರು ಕೇಳಿದ ಕಡೆ ಹೋಗಿ ನಿಲ್ಲುತ್ತಿದ್ದ ಪಡೆ, ಆಮೇಲೆ ಪ್ರತಿ ಕೋರಿಕೆಗೂ ಇದು ಸೇನೆಯ ಕೆಲಸವೋ ಪೊಲೀಸರ ಕೆಲಸವೋ ಎಂಬ ಪರಿಶೀಲನೆಗೆ ಕಾಯಬೇಕಾಯಿತು.

ಇಷ್ಟು ಸಿಕ್ಕುಸಿಕ್ಕಾದ ವ್ಯವಸ್ಥೆ ಯಾಕೆ ಬಂತು ಎಂದು ತಿಳಿಯಲು ಹಿಂದಕ್ಕೆ ಹೋಗಬೇಕು. ಯಾರೂ ಕೂತು ಹೀಗೆ ಮಾಡೋಣ ಎಂದು ಯೋಚಿಸಿ ಕಟ್ಟಿದ್ದಲ್ಲ ಇದು. ಒಂದೊಂದು ಯುದ್ಧದಲ್ಲಿ ಒಂದೊಂದು ಕಡೆ ಹರಿದು, ಹರಿದಲ್ಲಿ ತೇಪೆ ಹಾಕುತ್ತ ಬಂದದ್ದು.

1636ರ ಡಿಸೆಂಬರ್ 13ರಂದು ಮ್ಯಾಸಚೂಸೆಟ್ಸ್ ವಸಾಹತಿನ ಸಭೆ ಊರೂರಿನ ಕಾವಲು ತಂಡಗಳನ್ನು ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ರೆಜಿಮೆಂಟ್‌ಗಳಾಗಿ ಜೋಡಿಸಿತು. ಗಾರ್ಡ್ ಇಂದಿಗೂ ಆ ದಿನವನ್ನೇ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಸಂಬಳದ ಸೈನ್ಯವಿಲ್ಲ, ಗಂಡಸಾದವನೆಲ್ಲ ಸೈನಿಕ ಎಂಬ ಕ್ರಮ ಅದು. ಕನ್ನಡ ಓದುಗರಿಗೆ ಇದು ತೀರಾ ಅಪರಿಚಿತವಲ್ಲ. ಕೊಡಗಿನಲ್ಲಿ ಜಮ್ಮಾ ಹಿಡುವಳಿದಾರರು ಅರ್ಧ ಕಂದಾಯ ಕೊಟ್ಟು, ಬದಲಿಗೆ ಕರೆದಾಗ ಕೋವಿ ಹಿಡಿದು ಅರಸನ ಸೇವೆಗೆ ಹೋಗಬೇಕಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇಂದಿಗೂ ಇರುವ ವಿನಾಯಿತಿಯ ಬೇರು ಅಲ್ಲಿದೆ.

ಸ್ವಾತಂತ್ರ್ಯದ ನಂತರ ಅಮೆರಿಕನ್ನರಿಗೆ ದೊಡ್ಡ ಕಾಯಂ ಸೇನೆಯ ಬಗ್ಗೆ ಭಯವಿತ್ತು. ಬ್ರಿಟಿಷ್ ಸೈನಿಕರು ಬೀದಿಯಲ್ಲಿ ನಿಂತದ್ದನ್ನು ಅವರು ಕಂಡಿದ್ದರು. ಹಾಗಾಗಿ 1787ರ ಸಂವಿಧಾನ ಮಿಲಿಷಿಯಾವನ್ನು ಇಬ್ಬರಿಗೆ ಹಂಚಿತು. ತರಬೇತಿ ಕೊಡುವುದು, ಅಧಿಕಾರಿಗಳನ್ನು ನೇಮಿಸುವುದು ರಾಜ್ಯದ ಪಾಲು. ಮೂರು ಕೆಲಸಕ್ಕೆ ಮಾತ್ರ ಕೇಂದ್ರ ಕರೆಯಬಹುದು: ದೇಶದ ಕಾನೂನು ಜಾರಿ ಮಾಡಲು, ದಂಗೆ ಅಡಗಿಸಲು, ಆಕ್ರಮಣ ಹಿಮ್ಮೆಟ್ಟಿಸಲು. ಈ ಮೂರನ್ನು ನೆನಪಿಡಿ, 2025ರ ಜಗಳದವರೆಗೂ ಇವು ಬರುತ್ತವೆ.

1792ರ ಮೇ 8ರ ಮಿಲಿಷಿಯಾ ಕಾಯ್ದೆ 18ರಿಂದ 45 ವರ್ಷದೊಳಗಿನ ಪ್ರತಿ ಸ್ವತಂತ್ರ ಬಿಳಿಯ ಗಂಡಸು ಆರು ತಿಂಗಳೊಳಗೆ ತನ್ನದೇ ದುಡ್ಡಿನಲ್ಲಿ ಏನೇನು ಹೊಂದಿಸಿಕೊಳ್ಳಬೇಕೆಂದು ಪಟ್ಟಿ ಕೊಟ್ಟಿತು. ಒಂದು ಒಳ್ಳೆಯ ಬಂದೂಕು, ಅದಕ್ಕೆ ಬಯೊನೆಟ್ಟು, ಸೊಂಟಪಟ್ಟಿ, ಎರಡು ಬಿಡಿ ಚಕಮಕಿ ಕಲ್ಲು, ಬೆನ್ನುಚೀಲ, ಕನಿಷ್ಠ 24 ತೋಟಾ ಹಿಡಿಯುವ ಸಂಚಿ. ರೈಫಲ್ ಇದ್ದವನಿಗೆ 20 ಸೀಸದ ಗುಂಡು, ಕಾಲು ಪೌಂಡ್ ಮದ್ದು. ಓದಲು ಬಹಳ ಅಚ್ಚುಕಟ್ಟು. ಆದರೆ ತರದವನಿಗೆ ಏನು ಶಿಕ್ಷೆ ಎಂಬುದು ಆ ಕಾಯ್ದೆಯಲ್ಲಿ ಇರಲೇ ಇಲ್ಲ. ದಂಡ ಹಾಕುವುದನ್ನು ರಾಜ್ಯಗಳಿಗೆ ಬಿಟ್ಟಿದ್ದರು, ರಾಜ್ಯಗಳು ಮತದಾರರ ಮೇಲೆ ದಂಡ ಹಾಕಲು ಹಿಂಜರಿದವು. ವರ್ಷಕ್ಕೆ ಒಂದೆರಡು ಸಲ ನಡೆಯುತ್ತಿದ್ದ ಕವಾಯತಿಗೆ ಜನ ಬಂದೂಕಿನ ಬದಲು ಜೋಳದ ದಂಟು ಹಿಡಿದು ಬಂದು ನಿಂತರು. ಎಲ್ಲರೂ ಸೈನಿಕರು ಎಂಬ ಕಲ್ಪನೆ ಹೀಗೆ ಸತ್ತಿತು. ಉಳಿದದ್ದು ಆಸಕ್ತಿಯಿಂದ ಸೇರಿ, ತಾವೇ ಸಮವಸ್ತ್ರ ಹೊಲಿಸಿಕೊಂಡ ಸ್ವಯಂಸೇವಕ ತಂಡಗಳು. ನ್ಯೂಯಾರ್ಕಿನ ಅಂಥ ಒಂದು ತಂಡ 1824ರಲ್ಲಿ, ಫ್ರಾನ್ಸಿನ ಸೇನಾನಾಯಕ ಲಫಾಯೆಟ್ ಅಮೆರಿಕ ಪ್ರವಾಸಕ್ಕೆ ಬಂದಾಗ, ಅವರು ಹಿಂದೆ ಪ್ಯಾರಿಸಿನಲ್ಲಿ ನಡೆಸಿದ್ದ ಪಡೆಯ ಗೌರವಾರ್ಥ ನ್ಯಾಷನಲ್ ಗಾರ್ಡ್ ಎಂಬ ಹೆಸರಿಟ್ಟುಕೊಂಡಿತು. ರಾಜ್ಯದ ಪಡೆಗೆ ನ್ಯಾಷನಲ್ ಎಂಬ ಹೆಸರು ಬಂದದ್ದು ಹೀಗೆ.

ಸಂವಿಧಾನದ ಹಂಚಿಕೆ ಮೊದಲು ಹರಿದದ್ದು ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಗವರ್ನರ್‌ಗಳು ಆಕ್ರಮಣವೇ ನಡೆದಿಲ್ಲ ಎಂದು ಪಡೆ ಕಳಿಸಲು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ನಯಾಗರಾ ನದಿಯ ದಂಡೆಗೆ ಬಂದ ನ್ಯೂಯಾರ್ಕಿನ ಮಿಲಿಷಿಯಾದ ಬಹುಪಾಲು, ತಮ್ಮವರು ಆಚೆ ದಡದ ಕ್ವೀನ್‌ಸ್ಟನ್ ಗುಡ್ಡದಲ್ಲಿ ಸೋಲುತ್ತಿರುವುದನ್ನು ಕಣ್ಣಾರೆ ನೋಡುತ್ತ ನಿಂತಿತು. ಆಚೆಗಿರುವುದು ಕೆನಡಾ, ಪರದೇಶಕ್ಕೆ ಹೋಗುವುದು ನಮ್ಮ ಕರ್ತವ್ಯವಲ್ಲ ಎಂದು ದೋಣಿ ಹತ್ತಲಿಲ್ಲ. ಅವರನ್ನು ಹೇಡಿಗಳು ಎನ್ನುವುದು ಸುಲಭ. ಆದರೆ ಸಂವಿಧಾನ ಹೇಳಿದ ಮೂರು ಕೆಲಸದಲ್ಲಿ ಪರದೇಶದ ಯುದ್ಧ ಇರಲಿಲ್ಲ ಎಂಬುದೂ ನಿಜ. ಕರೆಯುವ ಸಂದರ್ಭ ಬಂದಿದೆಯೇ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದದ್ದು ನ್ಯೂಯಾರ್ಕಿನ ಸಾಮಾನ್ಯ ಸಿಪಾಯಿ ಮಾಟ್ ಎಂಬಾತನಿಗೆ ಹಾಕಿದ 96 ಡಾಲರ್ ದಂಡದಿಂದ. ತೀರ್ಮಾನ ಅಧ್ಯಕ್ಷರದೇ ಎಂದು 1827ರಲ್ಲಿ ಕೋರ್ಟ್ ಹೇಳಿತು.

ಇನ್ನೊಂದು ಕೊರತೆ ಅವಧಿಯದು. ವರ್ಷಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಯಾರನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ಹಳೆಯ ಕಾಯ್ದೆಯಲ್ಲಿತ್ತು. ಅದಕ್ಕೇ 1861ರ ಏಪ್ರಿಲ್ 15ರಂದು ಲಿಂಕನ್ 75,000 ಮಿಲಿಷಿಯಾವನ್ನು ಕರೆದದ್ದು ಬರೀ ಮೂರು ತಿಂಗಳಿಗೆ. ಅಂತರ್ಯುದ್ಧ ನಡೆದದ್ದು ನಾಲ್ಕು ವರ್ಷ.

ಇವಕ್ಕೆ ತೇಪೆ ಬಿದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಹಾಯೋದ ಸಂಸದರೂ ಗಾರ್ಡ್ ಅಧಿಕಾರಿಯೂ ಆಗಿದ್ದ ಚಾರ್ಲ್ಸ್ ಡಿಕ್ ಹೆಸರಿನ 1903ರ ಕಾಯ್ದೆ ಗಾರ್ಡ್‌ಗೆ ಕೇಂದ್ರದ ಬಂದೂಕು ಕೊಟ್ಟಿತು, ಬದಲಿಗೆ ವರ್ಷಕ್ಕೆ 24 ಕವಾಯತು, ಐದು ದಿನದ ಶಿಬಿರ ಕೇಳಿತು. 1916ರ ಕಾಯ್ದೆ ಅದನ್ನು 48 ಕವಾಯತು, 15 ದಿನದ ಶಿಬಿರಕ್ಕೆ ಏರಿಸಿ, ಎರಡು ಕಡೆಯ ಪ್ರತಿಜ್ಞೆಯನ್ನೂ ತಂದಿತು. 1933ರಲ್ಲಿ ಕೊನೆಯ ಗಂಟು ಬಿತ್ತು. ರಾಜ್ಯದ ಗಾರ್ಡ್‌ಗೆ ಸೇರುವವನು ಏಕಕಾಲಕ್ಕೆ ಸೇನೆಯ ಮೀಸಲು ಪಡೆಗೂ ಸೇರುತ್ತಾನೆ. ಪರದೇಶಕ್ಕೆ ಕಳಿಸುವಾಗ ಆತನನ್ನು ಮಿಲಿಷಿಯಾದ ಸಿಪಾಯಿ ಎಂದು ಕಳಿಸುವುದಿಲ್ಲ, ಮೀಸಲು ಸೈನಿಕ ಎಂದು ಕಳಿಸುತ್ತಾರೆ. ಹಾಗಾಗಿ ಸಂವಿಧಾನದ ಮೂರು ಕೆಲಸಗಳ ಮಿತಿ ಅವನಿಗೆ ತಾಗುವುದಿಲ್ಲ. ನಯಾಗರಾ ದಂಡೆಯ ಪ್ರಶ್ನೆಗೆ 121 ವರ್ಷದ ನಂತರ ಸಿಕ್ಕ ಉತ್ತರ ಇದು. ನಿಮ್ಮ ಇರಾಕ್ ಪ್ರಶ್ನೆಗೂ ಇದೇ ಉತ್ತರ. ಮಿನೆಸೋಟಾದ ಗವರ್ನರ್ ಪರ್ಪಿಚ್ ತಮ್ಮ ಗಾರ್ಡನ್ನು ಹೊಂಡುರಾಸ್‌ಗೆ ತರಬೇತಿಗೆ ಕಳಿಸಬಾರದೆಂದು ಕೇಸು ಹಾಕಿದಾಗ 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪಿತ್ತದ್ದು ಇದೇ ಎರಡು ಸೇರ್ಪಡೆಯ ತರ್ಕದ ಮೇಲೆ.

ಯುದ್ಧದಲ್ಲಿ ಗಾರ್ಡ್ ಹೆಸರಿಗಷ್ಟೇ ಇದ್ದ ಪಡೆಯಲ್ಲ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ದಡಕ್ಕೆ ಮೊದಲು ಇಳಿದವರಲ್ಲಿ ವರ್ಜಿನಿಯಾ ಗಾರ್ಡ್‌ನ 116ನೇ ರೆಜಿಮೆಂಟ್ ಇತ್ತು. ಅದರ ಒಂದು ಕಂಪನಿ ಬೆಡ್‌ಫರ್ಡ್ ಎಂಬ ಪುಟ್ಟ ಊರಿನದು. ಗಾರ್ಡ್ ತುಕಡಿ ಊರಿನ ಹುಡುಗರನ್ನೇ ಸೇರಿಸಿ ಕಟ್ಟಿದ್ದು. ಹಾಗಾಗಿ ಒಂದು ಬೆಳಗಿನ ನಷ್ಟ ಒಂದೇ ಊರಿನ ಹತ್ತಾರು ಮನೆಗಳ ಮೇಲೆ ಬಿತ್ತು. ಪರಿಚಿತರ ಜೊತೆ ದುಡಿಯುವುದು ಇಂದಿಗೂ ಗಾರ್ಡ್‌ನ ಬಲ. ಅದರ ಬೆಲೆಯೂ ಅದೇ.

ವಿಯೆಟ್ನಾಂ ಕಾಲದಲ್ಲಿ ಮಾತ್ರ ಗಾರ್ಡನ್ನು ಹೆಚ್ಚಾಗಿ ಕರೆಯಲಿಲ್ಲ. ಕಡ್ಡಾಯ ಸೇನಾಭರ್ತಿಯಿಂದ ತಪ್ಪಿಸಿಕೊಳ್ಳಲು ಗಾರ್ಡ್ ಸೇರಿದವರೂ ಇದ್ದರು. 1973ರ ನಂತರ ಮೀಸಲು ಪಡೆಯಿಲ್ಲದೆ ದೊಡ್ಡ ಯುದ್ಧವೇ ನಡೆಯದಂತೆ ಸೇನೆಯ ರಚನೆ ಬದಲಾಯಿತು. ಈ ಕಾಲದಲ್ಲಿ ಸೇರುವವನು ಪರದೇಶದ ಕರೆ ಬಂದೇ ಬರುತ್ತದೆ ಎಂದುಕೊಂಡೇ ಸೇರಬೇಕು.

ದೇಶದೊಳಗಿನ ಚರಿತ್ರೆಗೆ ಬಂದರೆ, ಯಾರ ಆದೇಶ ಎಂಬ ಪ್ರಶ್ನೆ ಅತಿ ಸ್ಪಷ್ಟವಾಗಿ ಕಾಣುವುದು 1957ರ ಲಿಟಲ್ ರಾಕ್‌ನಲ್ಲಿ. ಬಿಳಿಯರ ಶಾಲೆಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೇರಬೇಕೆಂದು ನ್ಯಾಯಾಲಯದ ಆದೇಶವಿತ್ತು. ಅರ್ಕನ್ಸಾ ಗವರ್ನರ್ ಫಾಬಸ್ ಸೆಪ್ಟೆಂಬರ್ ಮೊದಲ ವಾರ ರಾಜ್ಯದ ಗಾರ್ಡನ್ನು ಶಾಲೆಯ ಸುತ್ತ ನಿಲ್ಲಿಸಿ ಆ ಮಕ್ಕಳನ್ನು ತಡೆದರು. ಸೆಪ್ಟೆಂಬರ್ 24ರಂದು ಅಧ್ಯಕ್ಷ ಐಸೆನ್‌ಹೋವರ್ ಅದೇ ಗಾರ್ಡನ್ನು ಕೇಂದ್ರದ ಸೇವೆಗೆ ಎಳೆದುಕೊಂಡು, 101ನೇ ಏರ್‌ಬೋರ್ನ್ ಡಿವಿಜನ್ನಿನ ಸೈನಿಕರನ್ನೂ ಕಳಿಸಿದರು. ತಡೆದಿದ್ದ ಗಾರ್ಡ್‌ಗೇ ಆಮೇಲೆ ಆ ಮಕ್ಕಳಿಗೆ ರಕ್ಷಣೆ ಕೊಡುವ ಹೊಣೆ ಬಿತ್ತು. ಒಂದೇ ತಿಂಗಳಲ್ಲಿ ಒಂದೇ ಪಡೆಗೆ ಸಿಕ್ಕ ತದ್ವಿರುದ್ಧ ಆದೇಶಗಳಿವು. 1963ರ ಜೂನ್ 11ರಂದು ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ ಗವರ್ನರ್ ವಾಲೆಸ್‌ಗೆ ಪಕ್ಕಕ್ಕೆ ಸರಿಯಿರಿ ಎಂದು ಹೇಳಿದ್ದು ಅವರದೇ ರಾಜ್ಯದ ಗಾರ್ಡ್‌ನ ಬ್ರಿಗೇಡಿಯರ್ ಜನರಲ್ ಗ್ರಹಾಂ. ಆ ಬೆಳಗ್ಗೆ ಅವರು ಗವರ್ನರ್ ಅಧಿಕಾರಿ, ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರ ಅಧಿಕಾರಿ.

ಎಡವಟ್ಟುಗಳನ್ನೂ ಮುಚ್ಚಿಡಬಾರದು. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಹಾಯೋ ಗಾರ್ಡ್ 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಆ ತುಕಡಿಗಳು ಲಾರಿ ಚಾಲಕರ ಮುಷ್ಕರದ ಕಾವಲು ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದವು, ನಿದ್ದೆ ಸಾಲದೆ ಬಳಲಿದ್ದವು. ಕೈಯಲ್ಲಿದ್ದದ್ದು ಯುದ್ಧಕ್ಕೆಂದು ಮಾಡಿದ ಎಂ-1 ರೈಫಲ್, ಅದಕ್ಕೆ ಸಿಕ್ಕಿಸಿದ ಬಯೊನೆಟ್ಟು, ಒಳಗೆ ನಿಜವಾದ ತೋಟಾ. ಅಶ್ರುವಾಯುವಿಗೂ ಆ ರೈಫಲಿಗೂ ನಡುವೆ ಬಳಸಲು ಬೇರೇನೂ ಇರಲಿಲ್ಲ. ಜನರನ್ನು ಚದುರಿಸುವ ಕೆಲಸಕ್ಕೆ ಕೊಲ್ಲುವ ಉಪಕರಣ ಕೊಟ್ಟದ್ದೇ ಮೂಲ ತಪ್ಪು. ಗುರಾಣಿ, ಲಾಠಿ, ಮುಖಕವಚ, ಗುಂಪು ನಿಯಂತ್ರಣದ ಪ್ರತ್ಯೇಕ ತರಬೇತಿ ಗಾರ್ಡ್‌ಗೆ ಬಂದದ್ದು ಈ ಸಾವುಗಳ ನಂತರ.

1992ರಲ್ಲಿ ಎಡವಟ್ಟು ಇನ್ನೊಂದು ಬಗೆ. ಕ್ಯಾಲಿಫೋರ್ನಿಯಾ ಗಾರ್ಡ್‌ನ ಜನ ಹೊತ್ತಿಗೆ ಸರಿಯಾಗಿ ಬಂದು ಸೇರಿದರು, ಆದರೆ ತೋಟಾ ಇದ್ದದ್ದು ದೂರದ ಕ್ಯಾಂಪ್ ರಾಬರ್ಟ್ಸ್‌ನಲ್ಲಿ. ಅದು ಹೆಲಿಕಾಪ್ಟರಿನಲ್ಲಿ ಬಂದು ಮುಟ್ಟುವವರೆಗೆ ಪಡೆ ಹೊರಡಲಿಲ್ಲ. ಅದೇ ಗಲಭೆಯಲ್ಲಿ ಪೊಲೀಸರ ಜೊತೆ ಒಂದು ಮನೆಗೆ ಹೋದ, ಕೇಂದ್ರದ ಕಾಯಂ ಪಡೆಯಾದ ಮರೀನ್ ಸೈನಿಕರಿಗೆ, ಒಳಗಿನಿಂದ ಗುಂಡು ಬಂದಾಗ, ಪೊಲೀಸ್ ಅಧಿಕಾರಿ ಕವರ್ ಮಿ ಎಂದು ಕೂಗಿದರು. ಪೊಲೀಸರ ಭಾಷೆಯಲ್ಲಿ ಹಾಗೆಂದರೆ ಗುರಿ ಹಿಡಿದು ಸಿದ್ಧರಾಗಿರಿ ಎಂದರ್ಥ. ಸೈನಿಕರ ಭಾಷೆಯಲ್ಲಿ ಗುಂಡಿನ ಮಳೆ ಸುರಿಸಿ ಎಂದು. ಸುಮಾರು 200 ಗುಂಡು ಮನೆಯೊಳಕ್ಕೆ ಹೋದವು. ಒಳಗೆ ಮಕ್ಕಳಿದ್ದರು. ಯಾರಿಗೂ ತಾಗದೆ ಉಳಿದದ್ದು ದೈವಕೃಪೆ. ಸೈನಿಕನನ್ನು ಪೊಲೀಸನಂತೆ ಬಳಸುವುದರಲ್ಲಿ ಇರುವ ಅಪಾಯ ಈ ಎರಡು ಪದಗಳಲ್ಲಿದೆ.

ಇಂದಿನ ಗಾರ್ಡ್‌ನ ದಿನನಿತ್ಯದ ಕೆಲಸ ಹೆಚ್ಚಾಗಿ ನೀರು, ಬೆಂಕಿ, ಹಿಮದ್ದು. 2005ರ ಕತ್ರೀನಾ ಚಂಡಮಾರುತಕ್ಕೆ ಎಲ್ಲ ರಾಜ್ಯಗಳಿಂದ ಸೇರಿ ಸುಮಾರು 50,000 ಗಾರ್ಡ್ ಬಂದರು. ಒಂದು ರಾಜ್ಯದ ಪಡೆ ಇನ್ನೊಂದಕ್ಕೆ ನೆರವಾಗಲು 1996ರಲ್ಲಿ ಸಂಸತ್ತು ಒಪ್ಪಿದ ಅಂತರರಾಜ್ಯ ಒಪ್ಪಂದವಿದೆ. ಅದರಲ್ಲಿ ಕರೆಸಿಕೊಂಡ ರಾಜ್ಯ ಖರ್ಚು ಭರಿಸುತ್ತದೆ. ಆದರೆ ಆ ಹೊತ್ತಿಗೆ ಲೂಸಿಯಾನಾದ 256ನೇ ಬ್ರಿಗೇಡ್ ಇರಾಕ್‌ನಲ್ಲಿತ್ತು, ನೆರೆನೀರಿನಲ್ಲಿ ಓಡುವ ಎತ್ತರದ ಲಾರಿಗಳೂ ಅದರ ಜೊತೆ ಅಲ್ಲೇ ಇದ್ದವು. ಒಂದೇ ಪಡೆಗೆ ಇಬ್ಬರು ಯಜಮಾನರಿದ್ದರೆ ಆಗುವ ತೊಂದರೆ ಇದು. ಇದಲ್ಲದೆ ಅಮೆರಿಕದ ಆಕಾಶ ಕಾಯುವ ಯುದ್ಧವಿಮಾನಗಳ ಬಹುಪಾಲು ಕೆಲಸ ಏರ್ ನ್ಯಾಷನಲ್ ಗಾರ್ಡ್‌ನದು.

ಇನ್ನು 2025. ಆ ವರ್ಷದ ಜೂನ್ 7ರಂದು ಅಧ್ಯಕ್ಷ ಟ್ರಂಪ್ ಕ್ಯಾಲಿಫೋರ್ನಿಯಾ ಗಾರ್ಡ್‌ನ 2,000 ಜನರನ್ನು ಟೈಟಲ್ 10ರ 12406ನೇ ಸೆಕ್ಷನ್ ಅಡಿ ಕೇಂದ್ರದ ಸೇವೆಗೆ ಕರೆದರು. ಆಮೇಲೆ ಇನ್ನೂ 2,000 ಸೇರಿತು, 700 ಮರೀನ್ ಸೈನಿಕರೂ ಬಂದರು. ಗವರ್ನರ್ ನ್ಯೂಸಮ್ ವಿರೋಧಿಸಿ ಕೋರ್ಟಿಗೆ ಹೋದರು. ಗವರ್ನರ್ ಕೋರಿಕೆಯಿಲ್ಲದೆ ಹೀಗೆ ಮಾಡಿದ್ದು 1965ರಲ್ಲಿ ಅಲಬಾಮಾದ ಸೆಲ್ಮಾದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯ ರಕ್ಷಣೆಗೆ ಅಧ್ಯಕ್ಷ ಜಾನ್ಸನ್ ಮಾಡಿದ ನಂತರ ಇದೇ ಮೊದಲು. ಆ ಸೆಕ್ಷನ್ನಿನಲ್ಲಿರುವುದು ನಾನು ನೆನಪಿಡಿ ಎಂದ ಮೂರು ಸಂದರ್ಭಗಳೇ: ಆಕ್ರಮಣ, ದಂಗೆ, ಮತ್ತು ಕಾಯಂ ಪಡೆಗಳಿಂದ ಕಾನೂನು ಜಾರಿ ಮಾಡಲಾಗದ ಸ್ಥಿತಿ. ನಿಮ್ಮ ಹುಡುಗನಿಗೆ ಹೆಚ್ಚು ಹತ್ತಿರದ್ದು ಅಕ್ಟೋಬರಿನ ಘಟನೆ. ಟೆಕ್ಸಾಸ್ ಗವರ್ನರ್ ಒಪ್ಪಿಗೆಯೊಂದಿಗೆ ಅಲ್ಲಿನ ಸುಮಾರು 200 ಗಾರ್ಡ್‌ಗಳನ್ನು, ಇಲಿನಾಯ್ಸ್ ಗವರ್ನರ್ ವಿರೋಧದ ನಡುವೆ, ಶಿಕಾಗೋ ಕಡೆಗೆ ಕಳಿಸಲಾಯಿತು. ಕೆಳಗಿನ ಕೋರ್ಟ್ ನಿಯೋಜನೆಗೆ ತಡೆ ಕೊಟ್ಟಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತಡೆ ತೆಗೆಯಲು ಒಪ್ಪಲಿಲ್ಲ. ಕಾಯಂ ಪಡೆಗಳು ಎಂದರೆ ಸೇನೆ ಎಂದೇ ಅರ್ಥವಾಗಬಹುದು, ಪೊಲೀಸರೋ ವಲಸೆ ಅಧಿಕಾರಿಗಳೋ ಅಲ್ಲ ಎಂಬುದು ಕೋರ್ಟಿನ ಮಧ್ಯಂತರ ಅಭಿಪ್ರಾಯ. 1827ರಲ್ಲಿ ಅಧ್ಯಕ್ಷರ ತೀರ್ಮಾನವೇ ಅಂತಿಮ ಎಂದಿದ್ದ ನ್ಯಾಯಾಲಯ ಈಗ ಆ ತೀರ್ಮಾನದ ಎಲ್ಲೆಯನ್ನು ಅಳೆಯಲು ಮುಂದಾಗಿದೆ. ಇದು ಸಣ್ಣ ಬದಲಾವಣೆಯಲ್ಲ.

ನಮ್ಮ ಹೋಂ ಗಾರ್ಡ್ ಜೊತೆ ಹೋಲಿಕೆ ಎಲ್ಲಿ ತಪ್ಪುತ್ತದೆ? 1946ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಹುಟ್ಟಿ, ನಮ್ಮಲ್ಲಿ 1962ರ ಕಾಯ್ದೆಯಡಿ ನಡೆಯುವ ಗೃಹರಕ್ಷಕ ದಳ ಪೊಲೀಸರಿಗೆ ನೆರವಾಗುವ ಸ್ವಯಂಸೇವಕ ದಳ. ಅದರವರನ್ನು ಯಾರೂ ಪರದೇಶದ ಯುದ್ಧಕ್ಕೆ ಕಳಿಸುವುದಿಲ್ಲ. ನಮ್ಮ ಸಂವಿಧಾನದಲ್ಲಿ ಸೇನೆ ಕೇಂದ್ರ ಪಟ್ಟಿಯದು, ಪೊಲೀಸ್ ರಾಜ್ಯ ಪಟ್ಟಿಯದು. ರಾಜ್ಯಕ್ಕೆ ತನ್ನದೇ ಸೇನೆ ಇಲ್ಲ. ಸಂಸ್ಥಾನಗಳ ಕಾಲದಲ್ಲಿ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಪಡೆ. ಸ್ವಾತಂತ್ರ್ಯಾನಂತರ ಅವೆಲ್ಲ ಭಾರತೀಯ ಸೇನೆಯಲ್ಲಿ ಸೇರಿಹೋದವು. ಕೆಲಸ ಬಿಡದೆ ಸೈನಿಕನಾಗುವ ಮಟ್ಟಿಗೆ ಗಾರ್ಡ್‌ಗೆ ಹತ್ತಿರದ್ದು ನಮ್ಮ ಟೆರಿಟೋರಿಯಲ್ ಆರ್ಮಿ, ಆದರೆ ಅದಕ್ಕೆ ಯಜಮಾನ ಒಬ್ಬನೇ.

ಬರೀ ರಾಜ್ಯದೊಳಗೇ ಸೇವೆ ಮಾಡಬೇಕೆಂಬ ಆಸೆ ಹುಡುಗನಿಗಿದ್ದರೆ ಅದಕ್ಕೆ ಬೇರೆ ದಾರಿಯಿದೆ. ಟೆಕ್ಸಾಸ್ ಸ್ಟೇಟ್ ಗಾರ್ಡ್ ಎಂಬ ಪ್ರತ್ಯೇಕ ಪಡೆಯನ್ನು ಕಾನೂನಿನ ಪ್ರಕಾರ ಕೇಂದ್ರ ಎಳೆದುಕೊಳ್ಳುವಂತಿಲ್ಲ. ಇಂಥ ಪಡೆಗಳು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿವೆ. ಬಹುತೇಕ ಸ್ವಯಂಸೇವೆ, ಕೇಂದ್ರದ ಸವಲತ್ತು ಏನೂ ಇಲ್ಲ. ಹೋಂ ಗಾರ್ಡ್‌ಗೆ ಹೋಲಿಸುವುದಾದರೆ ಇದನ್ನು ಹೋಲಿಸಬೇಕು. ಇವೆರಡನ್ನೂ ಬಿಟ್ಟು, ಕಾಡಿನಲ್ಲಿ ಬಂದೂಕು ಹಿಡಿದು ಮಿಲಿಷಿಯಾ ಎಂದು ಕರೆದುಕೊಳ್ಳುವ ಖಾಸಗಿ ಗುಂಪುಗಳಿಂದ ಹುಡುಗ ದೂರವಿರಲಿ. ಖಾಸಗಿ ಸೇನಾ ತಂಡಗಳನ್ನು ರಾಜ್ಯಗಳು ನಿಷೇಧಿಸಬಹುದೆಂದು 1886ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಸ್ವಾರಸ್ಯ: ಕೇಂದ್ರ ಕಾನೂನಿನ ಪ್ರಕಾರ 17ರಿಂದ 45ರೊಳಗಿನ ಪ್ರತಿ ಸಶಕ್ತ ಗಂಡಸು ಪ್ರಜೆ, ಗಾರ್ಡ್ ಸೇರದಿದ್ದರೂ, ಅಸಂಘಟಿತ ಮಿಲಿಷಿಯಾದ ಸದಸ್ಯ. ಅಲ್ಲಿನ ಪೌರತ್ವ ಪಡೆದ ನಮ್ಮ ಎಷ್ಟೋ ಹುಡುಗರು ತಮಗೆ ಗೊತ್ತಿಲ್ಲದೇ ಆ ಪಟ್ಟಿಯಲ್ಲಿದ್ದಾರೆ.

ಗಾರ್ಡೇ ಸೇರುವುದಾದರೆ ಲೆಕ್ಕ ಹೀಗಿದೆ. ಮೊದಲು ಆಸ್ವಾಬ್ ಎಂಬ ಲಿಖಿತ ಪರೀಕ್ಷೆ, ನಂತರ ವೈದ್ಯಕೀಯ ಪರೀಕ್ಷೆ, ಆಮೇಲೆ ಕರಾರು. ಒಟ್ಟು ಹೊಣೆ ಎಂಟು ವರ್ಷ, ಸಾಮಾನ್ಯವಾಗಿ ಆರು ವರ್ಷ ಕವಾಯತು, ಎರಡು ವರ್ಷ ಹೆಸರಿಗೆ ಮಾತ್ರ ಪಟ್ಟಿಯಲ್ಲಿ. ತಿಂಗಳಿಗೆ ಎರಡು ದಿನ ಎಂಬುದು ಮೊದಲ ವರ್ಷ ಸುಳ್ಳು: ಭೂಸೇನೆಯ ಮೂಲ ತರಬೇತಿಯೇ 10 ವಾರ, ಅದರ ಮೇಲೆ ವೃತ್ತಿ ತರಬೇತಿ. ಪದಾತಿ ದಳವಾದರೆ ಎರಡೂ ಸೇರಿ 22 ವಾರ. ಒಂದು ವಾರಾಂತ್ಯವನ್ನು ನಾಲ್ಕು ಕವಾಯತು ಎಂದು ಎಣಿಸುತ್ತಾರೆ, ಒಂದು ಕವಾಯತಿಗೆ ತಿಂಗಳ ಮೂಲವೇತನದ 30ನೇ ಒಂದು ಭಾಗ. 1916ರ ಆ 48 ಕವಾಯತು ಇಂದಿಗೂ ಹಾಗೇ ಇದೆ ನೋಡಿ. ಭದ್ರತಾ ತಪಾಸಣೆ ಬೇಕಾದ ಹುದ್ದೆಗಳೂ ಅಧಿಕಾರಿ ಹುದ್ದೆಗಳೂ ಪೌರತ್ವ ಬರುವವರೆಗೆ ಸಿಗುವುದಿಲ್ಲ. ಭರ್ತಿ ಮಾಡಿಕೊಳ್ಳುವವರು ಬಾಯಲ್ಲಿ ಹೇಳಿದ ಬೋನಸ್ಸು, ಹುದ್ದೆ, ತುಕಡಿಯ ಊರು ಎಲ್ಲವೂ ಕರಾರಿನ ಅನುಬಂಧದಲ್ಲಿ ಬರಹದಲ್ಲಿರಲಿ. ಬರಹದಲ್ಲಿಲ್ಲದ್ದು ಸಿಗುವುದಿಲ್ಲ.

ಇರುವ ಕೆಲಸ ಹೋಗುತ್ತದೆಯೇ? ಯುಸೆರಾ ಎಂಬ ಕೇಂದ್ರ ಕಾನೂನು ಒಬ್ಬ ಮಾಲೀಕನ ಬಳಿ ಒಟ್ಟು ಐದು ವರ್ಷದವರೆಗಿನ ಗೈರಿಗೆ ಕೆಲಸ ಕಾಯ್ದಿಡುತ್ತದೆ, ಕವಾಯತಿನ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲೇ ತಿಳಿಸಿ ಹೋಗಿರಬೇಕು. ವಾಪಸಾದಾಗ, ಸೇವೆ 30 ದಿನದೊಳಗಿದ್ದರೆ ಮನೆ ತಲುಪಿ ಎಂಟು ಗಂಟೆ ವಿಶ್ರಾಂತಿಯ ನಂತರದ ಮೊದಲ ಪಾಳಿಗೆ ಹಾಜರಾಗಬೇಕು. 31ರಿಂದ 180 ದಿನವಾದರೆ 14 ದಿನದೊಳಗೆ, ಅದಕ್ಕೂ ಹೆಚ್ಚಾದರೆ 90 ದಿನದೊಳಗೆ ಕೆಲಸ ಕೇಳಿ ಅರ್ಜಿ ಕೊಡಬೇಕು. ಗವರ್ನರ್ ಕರೆಗೆ ಈ ಕಾನೂನು ಅನ್ವಯವಾದದ್ದು 2021ರಿಂದ, ಅದೂ 14 ದಿನ ಅಥವಾ ಹೆಚ್ಚಿನ ಕರೆಗೆ, ಇಲ್ಲವೇ ಅಧ್ಯಕ್ಷರು ತುರ್ತು ಪರಿಸ್ಥಿತಿ ಅಥವಾ ದೊಡ್ಡ ವಿಕೋಪ ಘೋಷಿಸಿದ್ದಾಗ. ಉಳಿದದ್ದಕ್ಕೆ ಟೆಕ್ಸಾಸಿನ ಸ್ವಂತ ಕಾನೂನಿನ ರಕ್ಷಣೆ ಇದೆ.

ಟೆಕ್ಸಾಸಿಗೆ ಇನ್ನೊಂದು ವಿಶೇಷವಿದೆ. 2021ರಿಂದ ಮೆಕ್ಸಿಕೋ ಗಡಿಗೆ ರಾಜ್ಯ ಸರ್ಕಾರವೇ ಸಾವಿರಾರು ಗಾರ್ಡ್‌ಗಳನ್ನು ತಿಂಗಳುಗಟ್ಟಲೆ ಕಳಿಸಿತು, ಬಹಳ ಮಂದಿಗೆ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ. ಸಂಬಳ ತಡವಾದ ದೂರುಗಳು ಬಂದವು. 2022ರ ಏಪ್ರಿಲ್‌ನಲ್ಲಿ ಈಗಲ್ ಪಾಸ್ ಬಳಿ ರಿಯೊ ಗ್ರಾಂಡೆ ನದಿಯಲ್ಲಿ ಮುಳುಗುತ್ತಿದ್ದ ವಲಸಿಗರನ್ನು ಉಳಿಸಲು ಹಾರಿದ 22ರ ಯುವ ಸೈನಿಕನೊಬ್ಬ ಪ್ರಾಣ ಬಿಟ್ಟ. ನದಿ ಕಾಯಲು ನಿಂತವನ ಬಳಿ ತೇಲುವ ಜಾಕೆಟ್ ಇರಲಿಲ್ಲ. ಹುಡುಗ ತುಕಡಿ ಆರಿಸುವಾಗ ಅಲ್ಲಿ ಈಗ ಇರುವವರನ್ನು ಕಂಡು, ಕಳೆದ ಮೂರು ವರ್ಷದಲ್ಲಿ ಎಷ್ಟು ದಿನ ಯಾವ ಆದೇಶದ ಮೇಲೆ ಹೋಗಿದ್ದಿರಿ, ಏನೇನು ಸಲಕರಣೆ ಕೊಟ್ಟಿದ್ದರು ಎಂದು ಕೇಳಲಿ.

ಲಾಭದ ಕಡೆ ನೋಡಿದರೆ ಇರುವುದು ಪೌರತ್ವ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಕಾಯಬೇಕಾದದ್ದು ಸೇನಾ ಸೇವೆಯಿದ್ದರೆ ಬೇಗ ಆಗುತ್ತದೆ, ಅರ್ಜಿ ಶುಲ್ಕವೂ ಇಲ್ಲ. ಆದರೆ ಅಮೆರಿಕದ ಪೌರತ್ವ ಪಡೆದ ದಿನ ಭಾರತದ ಪೌರತ್ವ ಹೋಗುತ್ತದೆ. ಆಗ ಎಲ್ಲರೂ ನೆಚ್ಚುವುದು ಓಸಿಐ ಕಾರ್ಡನ್ನು, ಎಂದರೆ ವಿದೇಶಿ ಪೌರರಾದ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗಲು ಕೊಡುವ ಕಾರ್ಡನ್ನು. ಇಲ್ಲೇ ಬಹಳ ಮನೆಗಳು ಗಮನಿಸದ ನಿಯಮವಿದೆ: ವಿದೇಶಿ ಸೇನೆಯಲ್ಲಿ ಇರುವವರಿಗೂ, ನಿವೃತ್ತರಾದವರಿಗೂ ಭಾರತ ಸರ್ಕಾರ ಓಸಿಐ ಕೊಡುವುದಿಲ್ಲ. ಗಾರ್ಡ್ ಸೇರಿದವನು ಮೀಸಲು ಸೈನಿಕನೂ ಹೌದೆಂದು ಮೇಲೆ ಹೇಳಿದ್ದೇನಲ್ಲ, ಅದು ಇಲ್ಲಿಗೂ ಬರುತ್ತದೆ. ಮುಂದೆ ದಾವಣಗೆರೆಗೆ ಬರಬೇಕಾದರೆ ಪ್ರತಿ ಸಲವೂ ವೀಸಾ ಕೇಳುವ ಸ್ಥಿತಿ ಬರಬಹುದು. ಕರಾರಿಗೆ ಸಹಿ ಹಾಕುವ ಮೊದಲು ಹ್ಯೂಸ್ಟನ್ನಿನ ಭಾರತೀಯ ಕಾನ್ಸುಲೇಟಿನಲ್ಲಿ ಈ ಒಂದು ಪ್ರಶ್ನೆಗೆ ಬರಹದಲ್ಲಿ ಉತ್ತರ ತೆಗೆದುಕೊಳ್ಳಲು ಅವನಿಗೆ ಹೇಳಿ.